ಹಚ್ಚಿದನಂತೆ, ಹಚ್ಚಿದ

ಕಂಠದಾನದ ಕೆಲಸದಲ್ಲಿ ಚಿನ್ನಿಗೆ ‘ಒನ್‌ಟೇಕಮ್ಮ’ ಎಂದು ಹೆಸರು ಬಿದ್ದಿತ್ತು. ತೆರೆಯ ಮೇಲಿನ ತುಟಿ ಅಲುಗಿದ್ದೇ ತಡ, ಹೇಳಿ ಮಾಡಿಸಿದ ಹಾಗೆ ಅದಕ್ಕೆ ಮಾತು ಕೂರಿಸಿ, ಗಾಜಿನಾಚೆ ಕೂತವರು ‘ಓಕೆ’ ಅನ್ನುವಷ್ಟರಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ರಾಣಿ, ರಾಕ್ಷಸಿ, ಶಾಂಪೂ ಜಾಹೀರಾತಿನ ಹುಡುಗಿ, ಕಾರ್ಟೂನಿನ ಅಳಿಲು, ಎಲ್ಲರಿಗೂ ಅವಳದೇ ಗಂಟಲು. ವಯಸ್ಸು ಐವತ್ತರ ಹೊಸ್ತಿಲಿಗೆ ಬಂದಿದ್ದರೂ ಧ್ವನಿ ಮಾತ್ರ ಇಪ್ಪತ್ತರಲ್ಲೇ ಕಾಲು ನೀಡಿ ಕೂತುಬಿಟ್ಟಿತ್ತು. ಫೋನಿಗೆ ಬಂದವರು ‘ಮನೇಲಿ ದೊಡ್ಡವರಿದ್ರೆ ಕೊಡು ಪುಟ್ಟಿ’ ಅನ್ನುವುದು ಮಾಮೂಲಾಗಿತ್ತು.

ಆ ಸ್ಟುಡಿಯೋದ ರೆಕಾರ್ಡಿಸ್ಟನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು. ಮಹಡಿಯ ಮೇಲೆ ಯಾರಾದರೂ ಚಪ್ಪಲಿ ಬಿಟ್ಟರೂ ರೆಕಾರ್ಡಿಂಗ್ ನಿಲ್ಲಿಸುವ ಆಸಾಮಿ. ಒಂದು ಬೆಳಿಗ್ಗೆ ಅವನೇ ಫೋನ್ ಮಾಡಿ, “ಹಳೇ ಕಾಲದ ಕಥೆ ಒಂದು ಬಂದಿದೆ. ವಯಸ್ಸಾದ ತಾಯಿ ಪಾತ್ರ. ನೀವೇ ಆಗ್ಬೇಕಂತೆ” ಎಂದ. ಚಿನ್ನಿ ಹೆಚ್ಚು ಕೇಳಲಿಲ್ಲ. ಬಂದ ಕೆಲಸಕ್ಕೆ ಜಾತಕ ಕೇಳುವ ಅಭ್ಯಾಸ ಅವಳಿಗಿರಲಿಲ್ಲ.

ಹೆಡ್‌ಫೋನ್ ಏರಿಸಿ ಮೈಕಿನ ಮುಂದೆ ನಿಂತಳು. ತೆರೆಯ ಮೇಲೆ ಒಂದು ಸುಟ್ಟ ಉಗ್ರಾಣ, ಅದರ ಮುಂದೆ ಬೂದಿ ಮೆತ್ತಿದ ಮುಖದ ಒಬ್ಬ ಹೆಂಗಸು. ಹೆಂಗಸು ತಲೆ ಎತ್ತಿದಳು. ಅಕ್ಕ.

ಅಕ್ಕ ಬಾಯಿ ತೆರೆದಳು. ಚಿನ್ನಿಗೆ ಒಂದಕ್ಷರವೂ ಅರ್ಥವಾಗದ ಮಾತು. ಆದರೆ ಧ್ವನಿ ಗೊತ್ತಿದ್ದದ್ದೇ. ಮರಳಿನ ಮೇಲೆ ಹಲಗೆ ಎಳೆದಂಥ, ತಳದಲ್ಲಿ ಗರಗರ ಎನ್ನುವ ಅಕ್ಕನ ಸ್ವಂತ ಧ್ವನಿ. ಅಡುಗೆಮನೆಯಲ್ಲಿ, ಜಗಳದಲ್ಲಿ, ಅಪ್ಪ ತೀರಿಕೊಂಡ ದಿನ ಅಂಗಳದಲ್ಲಿ ಕೇಳಿದ್ದ ಧ್ವನಿ. ಸಿನಿಮಾದಲ್ಲಿ ಮಾತ್ರ ಅದನ್ನು ಜನ ಒಮ್ಮೆಯೂ ಕೇಳಿರಲಿಲ್ಲ. ಅದಕ್ಕೆ ಕಾರಣ ಚಿನ್ನಿಯೇ ಆಗಿದ್ದಳು.

ಒಡಹುಟ್ಟಿದವರಾದರೂ ಬಾಯಿ ಬೇರೆ, ಹೊಟ್ಟೆ ಬೇರೆ ಎನ್ನುತ್ತಾರೆ. ಇವರಿಬ್ಬರ ವಿಷಯದಲ್ಲಿ ಹೊಟ್ಟೆಯೇನೋ ಬೇರೆಯಾಗಿತ್ತು, ಬಾಯಿ ಮಾತ್ರ ಒಂದೇ ಆಗಿಹೋಗಿತ್ತು. ಅಕ್ಕ ಸಿನಿಮಾಕ್ಕೆ ಹೋದ ಹೊಸದರಲ್ಲಿ ಮುಖ ಎಲ್ಲರಿಗೂ ಹಿಡಿಸಿತು, ಧ್ವನಿ ಯಾರಿಗೂ ಹಿಡಿಸಲಿಲ್ಲ. ‘ನಾಯಕಿ ಬಾಯಿ ಬಿಟ್ರೆ ಲಾರಿ ಗೇರ್ ಹಾಕಿದ ಹಾಗಿದೆ’ ಎಂದ ನಿರ್ಮಾಪಕನೊಬ್ಬ. ಜೊತೆಗೆ ಹೋಗಿದ್ದ ತಂಗಿಯನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಅಕ್ಕನೇ ಕೈ ಹಿಡಿದು, ‘ಹೇಳೇ, ಹೆದರಬೇಡ’ ಎಂದು ನಿಲ್ಲಿಸಿದ್ದಳು. ಆಮೇಲೆ ಅಕ್ಕ ನಟಿಸಿದ ಸಿನಿಮಾಗಳಿಗೆಲ್ಲ ಅದೇ ಏರ್ಪಾಡು. ಮುಖ ಅವಳದು, ಮಾತು ಇವಳದು. ಅಂಗಡಿಗೆ ಹೋಗಿ ಅಕ್ಕ ಒಂದು ಸೋಪು ಕೇಳಿದರೂ ಜನ ಮುಖ ಮುಖ ನೋಡಿಕೊಂಡು, ‘ನೆಗಡಿ ಆಗಿದೆಯಾ ಮೇಡಂ?’ ಎನ್ನುತ್ತಿದ್ದರು. ಕೆಲವು ವರ್ಷ ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು, ಕೊನೆಗೆ ಸಿನಿಮಾವನ್ನೇ ಬಿಟ್ಟಳು. ನಾಟಕಕ್ಕೆ ಸೇರಿಕೊಂಡು ಮಕ್ಕಳಿಗೆ ಅಭಿನಯ ಕಲಿಸುತ್ತ ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದಳು. ಅಕ್ಕ ತಂಗಿಯರು ಸಿಕ್ಕಾಗ ಅಮ್ಮನ ಕಣ್ಣು, ಗ್ಯಾಸಿನ ಬೆಲೆ, ಮೊಣಕಾಲು ನೋವು ಎಲ್ಲ ಮಾತಾಡುತ್ತಿದ್ದರು. ಸಿನಿಮಾ ಒಂದನ್ನು ಬಿಟ್ಟು.

“ಯಾಕೆ ಮೇಡಂ, ಶುರು ಮಾಡೋಣ್ವಾ?” ಗಾಜಿನಾಚೆಯಿಂದ ಕಿವಿಯಣ್ಣ ಕೇಳಿದ.

ಚಿನ್ನಿ ಹೆಡ್‌ಫೋನ್ ತೆಗೆದು ಹೊರಗೆ ಬಂದಳು. ಕಿವಿಯಣ್ಣನ ಹಿಂದಿನ ಸೋಫಾದಲ್ಲಿ ಇಬ್ಬರಿದ್ದರು. ಒಬ್ಬ ಸಣಕಲು ನಿರ್ದೇಶಕ. ನಾಲ್ಕು ವರ್ಷ ಈ ಸಿನಿಮಾದ ಹಿಂದೆ ಬಿದ್ದು ಕೆನ್ನೆಯನ್ನೆಲ್ಲ ಕರಗಿಸಿಕೊಂಡವನು. ಇನ್ನೊಬ್ಬ ಅದನ್ನು ಚಿತ್ರಮಂದಿರಗಳಿಗೆ ತಲುಪಿಸಬೇಕಾದ ಹಂಚಿಕೆದಾರ.

“ಇದು ಯಾವ ಭಾಷೆ?” ಎಂದಳು ಚಿನ್ನಿ.

“ಈಗ ಯಾರೂ ಆಡದ ಭಾಷೆ. ಕಲ್ಲಿನ ಮೇಲೆ ಮಾತ್ರ ಉಳಿದಿದೆ. ಒಬ್ಬ ಪಂಡಿತೆ ಇದಾರೆ, ಅವರು ಒಂದು ವರ್ಷ ಕೂತು ಎಲ್ಲರಿಗೂ ಕಲಿಸಿದ್ರು” ಎಂದ ನಿರ್ದೇಶಕ. “ಅದನ್ನ ಹಾಗೇ ಇಟ್ಟು, ಕೆಳಗೆ ಅಕ್ಷರ ಹಾಕೋದು ಅಂತಲೇ ನಾನು ಎಲ್ಲರಿಗೂ ಮಾತು ಕೊಟ್ಟಿದ್ದು.”

“ಹಾಕಿ ನೋಡಿದ್ವಲ್ಲ” ಎಂದ ಹಂಚಿಕೆದಾರ. “ಮಧ್ಯಂತರಕ್ಕೆ ಎದ್ದು ಹೋದವರು ವಾಪಸ್ ಬರಲಿಲ್ಲ. ಅಕ್ಷರ ನೋಡಿದ್ರೆ ಮುಖ ತಪ್ಪತ್ತೆ, ಮುಖ ನೋಡಿದ್ರೆ ಅಕ್ಷರ ತಪ್ಪತ್ತೆ. ಸಿನಿಮಾಕ್ಕೆ ಬಂದ್ವಾ, ಪರೀಕ್ಷೆಗೆ ಬಂದ್ವಾ ಅಂತಾರೆ.”

“ಆದ್ರೆ ಸಾರ್, ಆ ಭಾಷೆ ಒಂದು ಸಲ ಬದುಕಲಿ ಅಂತ…”

“ಬದುಕಿಸಿ ಸ್ವಾಮಿ, ಬೇಡ ಅಂದೋರು ಯಾರು? ನಿಮ್ಮ ಭಾಷೆ ಬದುಕ್ಲಿ ಅಂತ ನಾನು ಸಾಯೋಕಾಗತ್ತಾ?” ಎಂದು ಹಂಚಿಕೆದಾರ ಚಿನ್ನಿಯ ಕಡೆ ತಿರುಗಿದ. “ಆ ಮುಖಕ್ಕೆ ನಿಮ್ಮ ಧ್ವನಿ ಅಂತ ಜನರ ತಲೇಲಿ ಕೂತುಬಿಟ್ಟಿದೆ ಮೇಡಂ. ಬೇರೆ ಯಾರು ಮಾತಾಡಿದ್ರೂ ಒಪ್ಪಲ್ಲ.”

“ಅವಳಿಗೆ ಗೊತ್ತಾ?”

ನಿರ್ದೇಶಕ ತನ್ನ ಷೂಗಳನ್ನು ನೋಡಿಕೊಂಡ. “ಇನ್ನೂ ಹೇಳಿಲ್ಲ” ಎಂದ.

ಯೋಚಿಸಿ ಹೇಳುತ್ತೇನೆಂದು ಚಿನ್ನಿ ಹೊರಟಳು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಎದ್ದು ನಿಂತಳು, ಕಂಬ ಹಿಡಿದಳು, ಬಿಟ್ಟಳು, ಇಳಿಯುವ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದು ನಡೆದುಕೊಂಡು ಬಂದಳು.

ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಅವಳ ಕಣ್ಣಿನ ನಡುಭಾಗದ ದೃಷ್ಟಿ ಹೋಗಿತ್ತು, ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಯಾರ ಮುಖ ನೋಡಬೇಕಾದರೂ ಅವರ ಕಿವಿಯನ್ನು ನೋಡುತ್ತಿದ್ದಳು. ಹೊಸಬರು ತಮ್ಮ ಓಲೆಯನ್ನೇ ಗಮನಿಸುತ್ತಿದ್ದಾಳೆಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಕ್ಷರದ ಋಣ ಮಾತ್ರ ಪೂರ್ತಿ ತೀರಿತ್ತು.

ಚಿನ್ನಿ ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ವಿಷಯ ಹೇಳಿದಳು. ಅಮ್ಮ ಟವೆಲಿನ ಅಂಚು ಜೋಡಿಸುತ್ತ ಕೇಳಿಸಿಕೊಂಡಳು.

“ಯಾರೂ ಆಡದ ಮಾತನ್ನ ಆಡಿದ್ರೆ ಕೇಳೋರು ಯಾರೇ?” ಎಂದಳು. “ನೀನೇ ಮಾತಾಡು. ನನ್ನ ಮಗಳು ಏನು ಹೇಳ್ತಾಳೆ ಅಂತ ನನಗೆ ತಿಳೀಬೇಡ್ವಾ? ಕೆಳಗೆ ಬರೆದ್ರೆ ನನಗೇನು ಬಂತು?”

“ಅಕ್ಕನಿಗೆ ಹೇಗಮ್ಮ ಹೇಳ್ಲಿ?”

“ಬಾಯಲ್ಲಿ” ಎಂದಳು ಅಮ್ಮ. “ಊರಿನವರಿಗೆಲ್ಲ ಮಾತು ಕೊಡ್ತೀಯ, ನಿನಗೆ ಬೇಕಾದಾಗ ಇರಲ್ವಾ?”

ಮಾರನೇ ದಿನ ಚಿನ್ನಿ ಅಕ್ಕನ ಮನೆಗೆ ಹೋದಳು. ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ನೆಲ ಸಣ್ಣಗೆ ನಡುಗುತ್ತಿತ್ತು. ಮೆಟ್ಟಿಲಲ್ಲೇ ಅಕ್ಕನ ಗದರಿಕೆ ಕೇಳಿಸಿತು. ಯಾರನ್ನೋ ಗೊತ್ತಿಲ್ಲದ ಭಾಷೆಯಲ್ಲಿ ಹಿಗ್ಗಾಮುಗ್ಗಾ ಬೈಯುತ್ತಿದ್ದಳು. ಒಳಗೆ ಹೋಗಿ ನೋಡಿದರೆ ಎದುರಿಗಿದ್ದದ್ದು ಸೋರುವ ನಲ್ಲಿ.

“ಬಾರೇ” ಎಂದಳು ಅಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ಪ್ಯಾನರ್ ಹಿಡಿದು. “ಒಂದು ಸಿನಿಮಾ ಮಾಡಿದೀನಿ, ಅದರ ಭಾಷೆ ಇದು. ಇದರಲ್ಲಿ ನಲ್ಲಿಗೆ ಶಬ್ದವೇ ಇಲ್ಲ. ‘ನೀರಿನ ಮಗನೇ’ ಅಂತ ಬೈದೆ.”

ಚಿನ್ನಿಗೆ ನಗು ಬಂತು. ನಗುವಿನ ಹಿಂದೆಯೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಟೀ ಇಟ್ಟು ಶೂಟಿಂಗಿನ ಕಥೆ ಶುರು ಮಾಡಿದ್ದಳು. ಪಂಡಿತೆ ಎಷ್ಟು ಗಟ್ಟಿಗಿತ್ತಿ, ಒಂದು ಮಹಾಪ್ರಾಣ ತಪ್ಪಿದರೂ ಹೇಗೆ ಮತ್ತೆ ಮೊದಲಿಂದ ಹೇಳಿಸುತ್ತಿದ್ದಳು, ತಾನು ಬಸ್ಸಿನಲ್ಲಿ, ಸ್ನಾನದಲ್ಲಿ ಹೇಗೆ ಬಾಯಿಪಾಠ ಮಾಡಿದೆ, ಎದುರುಮನೆಯವರು ಇವಳಿಗೆ ತಲೆ ಕೆಟ್ಟಿದೆಯೆಂದು ಹೇಗೆ ಬಾಗಿಲು ಹಾಕಿಕೊಂಡರು. ಅಕ್ಕ ಇಷ್ಟು ಮಾತಾಡಿದ್ದನ್ನು ಚಿನ್ನಿ ಕಂಡು ಎಷ್ಟೋ ವರ್ಷವಾಗಿತ್ತು.

“ಅದರಲ್ಲಿ ನನಗೆ ಏನು ಸುಖ ಗೊತ್ತಾ ಚಿನ್ನಿ?” ಅಕ್ಕ ಲೋಟದಲ್ಲಿ ಟೀ ಆಡಿಸುತ್ತ ಹೇಳಿದಳು. “ಆ ಮಾತು ಹೇಗಿರಬೇಕು ಅಂತ ಹೇಳೋಕೆ ಒಬ್ರೂ ಬದುಕಿಲ್ಲ. ನಿನ್ನ ಧ್ವನಿ ಒರಟು ಅನ್ನೋರು ಯಾರೂ ಇಲ್ಲ. ಯಾರಿಗೆ ಗೊತ್ತು, ಆ ಊರಿನ ಹೆಂಗಸರೆಲ್ಲ ನನ್ನ ಥರಾನೇ ಗರಗರ ಅಂತಿದ್ರೇನೋ!”

ಚಿನ್ನಿ ಟೀ ಕುಡಿದಳು. ಬಿಸಿ ನಾಲಿಗೆ ಸುಟ್ಟಿತು. ಎದ್ದು ಕಿಟಕಿಗೆ ಹೋದಳು, ಬಂದು ಕೂತಳು, ಮತ್ತೆ ಎದ್ದಳು.

“ಏನೇ ನಿನಗೆ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?” ಎಂದಳು ಅಕ್ಕ.

“ಅಮ್ಮನಿಗೆ ಮಾತ್ರೆ ತಗೋಬೇಕು” ಎಂದು ಹೇಳಿ ಚಿನ್ನಿ ಇಳಿದು ಬಂದುಬಿಟ್ಟಳು.

ಅತ್ತ ದರಿ, ಇತ್ತ ಪುಲಿ. ಒಪ್ಪಲಾರೆ ಎಂದು ಕಿವಿಯಣ್ಣನಿಗೆ ಫೋನ್ ಮಾಡಿದಳು. “ನೀವು ಬೇಡ ಅಂದ್ರೆ ಕಾರ್ಟೂನಿಗೆ ಧ್ವನಿ ಕೊಡೋ ಆ ಹುಡುಗಿ ಇದಾಳಲ್ಲ, ಅವಳಿಗೆ ಹೇಳ್ತಾರಂತೆ” ಎಂದ ಅವನು. ಆ ಹುಡುಗಿ ಒಳ್ಳೆಯವಳೇ. ಆದರೆ ಅವಳ ಬಾಯಲ್ಲಿ ಸಾವೂ ಹುಟ್ಟುಹಬ್ಬದ ಹಾಗೆ ಕೇಳಿಸುತ್ತಿತ್ತು. ಯಾರದೋ ಕೈಯಲ್ಲಿ ಅಕ್ಕ ಹಾಳಾಗುವುದಕ್ಕಿಂತ ನನ್ನ ಕೈಯಲ್ಲೇ ಆಗಲಿ ಎನ್ನಿಸಿತು ಚಿನ್ನಿಗೆ. ಹಾಗೆನ್ನಿಸಿದ ಮರುಗಳಿಗೆಯೇ, ಇದು ಕೆಲಸ ಒಪ್ಪಿಕೊಳ್ಳಲು ಮನಸ್ಸು ಹುಡುಕಿಕೊಂಡ ನೆವ ಎಂದೂ ಅನ್ನಿಸಿತು. ಆದರೂ ಹೋದಳು.

ಮೊದಲ ದಿನಗಳ ಕೆಲಸ ಸರಾಗವಾಗಿ ಸಾಗಿತು. ನೀರು ತರುವ ದೃಶ್ಯ, ಮಗನಿಗೆ ಊಟಕ್ಕಿಕ್ಕುವ ದೃಶ್ಯ, ನೆರೆಯವಳ ಜೊತೆ ಜಗಳ. ಒಂದೇ ಟೇಕು. ಹಂಚಿಕೆದಾರ ಬಂದು ಕೇಳಿ, “ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿದೆ” ಎಂದು ಹೊಗಳಿಹೋದ. ಚಿನ್ನಿಗೆ ಮಾತ್ರ ಮನೆಗೆ ಹೋಗಿ ಅನ್ನ ಸೇರುತ್ತಿರಲಿಲ್ಲ. ಕಂಠದಾನದವರು ಮೂಲದ ಧ್ವನಿಯನ್ನು ಕಿವಿಯಲ್ಲಿ ಕೇಳಿಕೊಂಡೇ ಅದರ ಮೇಲೆ ಮಾತಾಡಬೇಕು. ದಿನವಿಡೀ ಅಕ್ಕ ಕಿವಿಯೊಳಗೆ ಕೂತು ಮಾತಾಡುವುದು, ಇವಳು ಅವಳ ಬಾಯಿ ಮುಚ್ಚುವುದು. ಸಂಜೆ ಹೆಡ್‌ಫೋನ್ ತೆಗೆದ ಮೇಲೂ ಆ ಗರಗರ ನಿಲ್ಲುತ್ತಿರಲಿಲ್ಲ.

ಆಮೇಲೆ ಸಾಕ್ಷಿಯ ದೃಶ್ಯ ಬಂತು. ಸಿನಿಮಾದ ಜೀವವೇ ಅದು. ಊರಿನ ಉಗ್ರಾಣಕ್ಕೆ ಯಾರೋ ಬೆಂಕಿ ಹಚ್ಚಿದ್ದಾರೆ, ಜನ ಹಸಿವಿನಿಂದ ಸಾಯುತ್ತಿದ್ದಾರೆ. ಹಚ್ಚಿದವನು ತನ್ನ ಮಗನೆಂಬುದು ತಾಯಿಗೆ ಗೊತ್ತು. ಅವಳು ಕಣ್ಣಾರೆ ಕಂಡಿದ್ದಾಳೆ, ಸಿನಿಮಾ ನೋಡುವವರೂ ಕಂಡಿದ್ದಾರೆ. ಈಗ ರಾಜನ ಮುಂದೆ ನಿಂತು ಹೇಳಬೇಕು.

ಚಿನ್ನಿಯ ಕೈಯಲ್ಲಿದ್ದ ಹಾಳೆಯಲ್ಲಿ ಹೀಗಿತ್ತು: ‘ಉಗ್ರಾಣಕ್ಕೆ ಬೆಂಕಿ ಹಚ್ಚಿದವನು ನನ್ನ ಮಗ.’ ಕೆಳಗೆ ಮತ್ತೆ ಅದೇ ಸಾಲು, ಅದರ ಮೇಲೆ ಅಡ್ಡಗೆರೆ. ಒಂದೇ ಮಾತು ಎರಡು ಸಲ ಯಾಕೆಂದು ಹಂಚಿಕೆದಾರ ಹೊಡೆಸಿದ್ದ. ಎರಡನೇ ಸಲ ತೆರೆಯ ಮೇಲೆ ರಾಜನ ಮುಖ ತೋರಿಸಿ ಮುಗಿಸುವುದು ಎಂದು ತೀರ್ಮಾನವಾಗಿತ್ತು.

ತೆರೆಯ ಮೇಲೆ ಅಕ್ಕ ಹೇಳಿದಳು. ರಾಜ ಏನೂ ಕೇಳಲಿಲ್ಲ, ಸುಮ್ಮನೆ ಕಾದ. ಅಕ್ಕ ಮತ್ತೆ ಹೇಳಿದಳು. ಹೇಳಿದವಳೇ ನೆಲಕ್ಕೆ ಕುಸಿದಳು.

ಚಿನ್ನಿ ತನ್ನ ಸಾಲು ಹೇಳಲಿಲ್ಲ. “ಇನ್ನೊಂದ್ಸಲ ಹಾಕಿ” ಎಂದಳು. ಇನ್ನೊಂದು ಸಲ. ಮತ್ತೊಂದು ಸಲ. ಒನ್‌ಟೇಕಮ್ಮ ಹೀಗೆ ಬಾಯಿ ಬಿಡದೆ ನಿಂತದ್ದನ್ನು ಕಿವಿಯಣ್ಣ ನೋಡಿರಲಿಲ್ಲ.

“ಮೇಡಂ, ಮೈ ಹುಷಾರಿಲ್ವಾ?”

“ಕಿವಿಯಣ್ಣ, ಆ ಎರಡು ಸಾಲನ್ನ ಒಂದರ ಹಿಂದೆ ಒಂದು ಹಾಕಿ. ಅದೆರಡೂ ಒಂದೇನಾ?”

ಅವನು ಜೋಡಿಸಿ ಹಾಕಿದ. ಕಣ್ಣು ಮುಚ್ಚಿ ಕೇಳಿದ. “ಅಲ್ಲ” ಎಂದ. “ಕೊನೇಲಿ ಬೇರೆ ಇದೆ. ಮೊದಲನೇದಕ್ಕೆ ಒಂದು ಬಾಲ ಇದೆ. ಎರಡನೇದಕ್ಕೆ ಬಾಲ ಇಲ್ಲ.”

“ಏನಿರಬಹುದು?”

“ಸತ್ತ ಭಾಷೆ ಮೇಡಂ. ಯಾರನ್ನ ಕೇಳ್ತೀರಿ?”

ಕೇಳಬೇಕಾದವಳು ಯಾರೆಂಬುದು ಚಿನ್ನಿಗೆ ಗೊತ್ತಿತ್ತು. ಊಟದ ಹೊತ್ತಿನ ಬಿಡುವಿನಲ್ಲಿ ಆಟೋ ಹಿಡಿದು ಅಕ್ಕನ ಮನೆಗೆ ಹೋದಳು. ಎರಡೆರಡು ಮೆಟ್ಟಿಲು ಹಾರಿ ಹತ್ತಿ, ಏದುಸಿರಿನಲ್ಲೇ ಆ ಎರಡು ಸಾಲನ್ನು ಕೇಳಿದ ಹಾಗೆಯೇ ಒಪ್ಪಿಸಿದಳು. ಕಿವಿಯಲ್ಲಿ ಬಿದ್ದದ್ದನ್ನು ಬಾಯಲ್ಲಿ ಹೊರಡಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು.

“ಅಕ್ಕ, ಇದರಲ್ಲಿ ವ್ಯತ್ಯಾಸ ಏನು?”

ಅಕ್ಕನ ಮುಖ ಮೊದಲು ಅರಳಿತು. ತನ್ನ ಪಾಠ ಇನ್ನೊಬ್ಬರ ಬಾಯಲ್ಲಿ ಕೇಳಿದ ಸಂತೋಷ. “ಸರಿಯಾಗಿ ಹಿಡಿದೆ ನೋಡು! ಅವರ ಭಾಷೇಲಿ ಕಣ್ಣಾರೆ ಕಂಡಿದ್ದಕ್ಕೆ ಒಂದು ರೂಪ, ಕೇಳಿ ತಿಳಿದಿದ್ದಕ್ಕೆ ಒಂದು ರೂಪ. ಸಾಕ್ಷಿ ಹೇಳೋಳು ಯಾವುದನ್ನ ಹೇಳ್ತಾಳೆ ಅನ್ನೋದರ ಮೇಲೆ ತೀರ್ಪು. ಅವಳು ಕಂಡಿದಾಳೆ, ಆದ್ರೆ ಮೊದಲನೇ ಸಲ ಕೇಳಿದ ರೂಪದಲ್ಲಿ ಹೇಳ್ತಾಳೆ. ಮಗ ಉಳೀಲಿ ಅಂತ. ಆಮೇಲೆ ಆಗಲ್ಲ ಅವಳಿಗೆ. ಎರಡನೇ ಸಲ…”

ಅಲ್ಲಿಗೆ ನಿಂತಳು. ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು.

“ನಿನಗೆ ಆ ಸಾಲು ಎಲ್ಲಿ ಸಿಕ್ತು?”

ಅಕ್ಕ ಚಿನ್ನಿಯ ಕುತ್ತಿಗೆಯನ್ನು ನೋಡುತ್ತಿದ್ದಳು, ಅಲ್ಲೇ ಏನೋ ಕದ್ದ ಮಾಲು ಕಾಣುತ್ತಿದೆಯೇನೋ ಎಂಬಂತೆ.

“ಯಾವಾಗಿಂದ?”

“ಈ ವಾರ.”

“ಮೊನ್ನೆ ಬಂದೆಯಲ್ಲ, ಟೀ ಕುಡಿದೆಯಲ್ಲ, ಆಗ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಅಷ್ಟು ಹೊತ್ತು ಹುಚ್ಚಿ ಥರ ಹೇಳ್ತಿದ್ದೆ. ಕೂತು ಕೇಳಿದೆ.”

“ಹೇಳೋಕೇ ಬಂದಿದ್ದೆ ಅಕ್ಕ. ಬಾಯಿ ಬರಲಿಲ್ಲ.”

“ನಿನಗೆ ಬಾಯಿ ಬರಲಿಲ್ಲ!” ಅಕ್ಕನ ಧ್ವನಿ ಏರಿತು, ಏರಿದಷ್ಟೂ ಒಡೆಯಿತು. “ನನ್ನದನ್ನೂ ಸೇರಿಸಿ ಎರಡು ಬಾಯಿ ಇದ್ದವಳು ನೀನು. ಆಗ ಚಿಕ್ಕವಳಿದ್ದೆ, ನಾನೇ ನಿಲ್ಲಿಸಿದೆ, ಅದು ನನ್ನ ಹಣೆಬರಹ. ಈಗೇನಿತ್ತು? ಯಾರೂ ಇಲ್ಲದ ಒಂದು ಭಾಷೆ ಹುಡುಕ್ಕೊಂಡು ಹೋದೆ ಕಣೇ. ಅಲ್ಲಿಗೂ ಬಂದೆಯಾ?”

ಚಿನ್ನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆ ಹೊತ್ತಿನಲ್ಲಿ ಆಡಬಾರದ ಮಾತೆಂದು ಗೊತ್ತಿದ್ದೂ ಅದು ಬಾಯಿಂದ ಜಾರಿತು.

“ನಮ್ಮಲ್ಲೂ ಇದೆಯಲ್ಲಕ್ಕ. ಅಂತೆ. ‘ನನ್ನ ಮಗ ಹಚ್ಚಿದನಂತೆ.’ ಆಮೇಲೆ ‘ನನ್ನ ಮಗ ಹಚ್ಚಿದ.’ ತುಟಿಗೂ ಸರಿಯಾಗಿ ಕೂರತ್ತೆ.”

ಅಕ್ಕನ ತುಟಿ ಸಣ್ಣಗೆ ಅಲುಗಿತು, ಆ ಎರಡು ಸಾಲನ್ನು ಒಳಗೇ ಹೇಳಿ ನೋಡಿಕೊಂಡಳೆಂದು ಕಾಣುತ್ತದೆ. ಆಮೇಲೆ, “ಹೋಗು” ಎಂದಳು. “ಚಿನ್ನಿ, ಈಗ ಹೋಗು.”

ಸ್ಟುಡಿಯೋಗೆ ವಾಪಸು ಬಂದಾಗ ಹಂಚಿಕೆದಾರನೂ ನಿರ್ದೇಶಕನೂ ಕಾಯುತ್ತಿದ್ದರು. ಚಿನ್ನಿ ನಿಂತ ನಿಲುವಿನಲ್ಲೇ ಹೇಳಿದಳು: ಹೊಡೆದ ಸಾಲು ವಾಪಸು ಬರಬೇಕು, ಮೊದಲನೇದಕ್ಕೆ ‘ಅಂತೆ’ ಸೇರಬೇಕು. ನಿರ್ದೇಶಕ ದಡಕ್ಕನೆ ಎದ್ದ. ಪಂಡಿತೆ ಮೊದಲು ಬೇರೊಂದು ಭಾಷೆಗೆ ಅರ್ಥ ಬರೆದುಕೊಟ್ಟಿದ್ದಳು, ಅದರಿಂದ ಇನ್ಯಾರೋ ನಮ್ಮ ಭಾಷೆಗೆ ಇಳಿಸಿದ್ದರು, ಮಧ್ಯೆ ಎಲ್ಲೋ ಆ ಬಾಲ ಉದುರಿಹೋಗಿತ್ತು.

“ಅಂತೆ ಕಂತೆಗಳ ಸಂತೆ ಮಾಡ್ಬೇಡಿ ಮೇಡಂ” ಎಂದ ಹಂಚಿಕೆದಾರ. “ರಾಜನ ಮುಂದೆ ನಿಂತು ‘ಹಚ್ಚಿದನಂತೆ’ ಅಂದ್ರೆ ಪಕ್ಕದ ಮನೆ ಸುದ್ದಿ ಹೇಳ್ದ ಹಾಗಿರತ್ತೆ. ಜನ ನಗ್ತಾರೆ.”

“ನಗಲ್ಲ. ಎರಡನೇದು ಕೇಳಿದ ಮೇಲೆ ಯಾರೂ ನಗಲ್ಲ.”

“ಅದನ್ನ ನಾನು ನೋಡ್ಕೋತೀನಿ. ನೀವು ಬರೆದಿದ್ದನ್ನ ಓದಿ.”

ಚಿನ್ನಿ ಮೈಕಿನ ಕೋಣೆಗೆ ಹೋದಳು. ಹೆಡ್‌ಫೋನ್ ಹಾಕಿಕೊಂಡಳು. ಕಿವಿಯಣ್ಣ ಬೆರಳೆತ್ತಿದ. ಅಕ್ಕನ ಮುಖ ಬಂತು, ಅಕ್ಕನ ಧ್ವನಿ ಬಂತು. ಚಿನ್ನಿ ಒಂದು ಮಾತೂ ಆಡದೆ ಅದನ್ನು ಪೂರ್ತಿ ಕೇಳಿದಳು, ಅಕ್ಕ ನೆಲಕ್ಕೆ ಕುಸಿಯುವವರೆಗೆ. ಆಮೇಲೆ ಹೆಡ್‌ಫೋನನ್ನು ಮೊಳೆಗೆ ತೂಗುಹಾಕಿ, ಚೀಲ ಹೆಗಲಿಗೇರಿಸಿ ಹೊರಗೆ ಬಂದಳು.

“ನಾನು ಮಾಡಿದ್ದೆಲ್ಲ ಅಳಿಸಿಬಿಡಿ ಕಿವಿಯಣ್ಣ. ನನ್ನಿಂದ ಆಗಲ್ಲ.”

“ಮಧ್ಯದಲ್ಲಿ ಕೈ ಕೊಟ್ರೆ ಇನ್ಮೇಲೆ ಯಾರು ಕರೀತಾರೆ ನಿಮ್ಮನ್ನ?” ಎಂದು ಹಂಚಿಕೆದಾರ ಕೂಗಿದ. ಅದು ಬೆದರಿಕೆಯೂ ಹೌದು, ನಿಜವೂ ಹೌದು.

ನಿರ್ದೇಶಕ ಮೆಟ್ಟಿಲವರೆಗೆ ಓಡಿಬಂದ. “ಡಬ್ಬಿಂಗ್ ನನ್ನ ಕೈ ಮೀರಿದೆ ಮೇಡಂ. ಆದ್ರೆ ಮೂಲದ್ದು ಒಂದು ಚಿಕ್ಕ ಚಿತ್ರಮಂದಿರದಲ್ಲಿ ಹಾಕೋಕೆ ಒಪ್ಪಿದಾರೆ. ಅದರ ಅಕ್ಷರ ನನ್ನದೇ. ಅಲ್ಲಿ ‘ಅಂತೆ’ ಸೇರಿಸ್ತೀನಿ.” ಅವನ ಮುಖ ನೋಡಿದರೆ ಪಾಪ ಅನ್ನಿಸುವಂತಿತ್ತು.

ಆಮೇಲಿನ ವಾರಗಳು ಚಿನ್ನಿಗೆ ಕೆಂಡದ ಮೇಲೆ ಕೂತ ಹಾಗಿದ್ದವು. ಸ್ಟುಡಿಯೋಗಳಿಂದ ಕರೆ ಬರಲಿಲ್ಲ. ಅಕ್ಕ ಫೋನ್ ಎತ್ತಲಿಲ್ಲ. ಚಿನ್ನಿ ಅಲಮಾರುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ಜೋಡಿಸಿದಳು. ಹಿತ್ತಲ ಬಾಗಿಲ ಚಿಲಕ ಬಿಚ್ಚಿ ಎಣ್ಣೆ ಹಾಕಿ, ಮತ್ತೆ ಕೂರಿಸಲಾಗದೆ ಬಡಗಿಯನ್ನು ಕರೆಸಿದಳು. “ನಿನ್ನ ಓಡಾಟ ನೋಡಿ ನನಗೆ ತಲೆ ಸುತ್ತತ್ತೆ, ಅದೂ ಕಣ್ಣು ಕಾಣದೆ!” ಎಂದಳು ಅಮ್ಮ. ದೊಡ್ಡ ಚಿತ್ರಮಂದಿರಗಳಲ್ಲಿ ಸಿನಿಮಾ ಕಾರ್ಟೂನ್ ಹುಡುಗಿಯ ಧ್ವನಿಯಲ್ಲಿ ಬಂತು. ಜನ ನೋಡಿದರು, ಪರವಾಗಿಲ್ಲ ಎಂದರು, ಎರಡು ವಾರ ಓಡಿತು. ಹಂಚಿಕೆದಾರನ ಲೆಕ್ಕ ತಪ್ಪಾಗಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕನಿಂದ ಫೋನಿಗೆ ಎರಡು ಸಾಲು ಬಂತು. ಚಿಕ್ಕ ಚಿತ್ರಮಂದಿರದಲ್ಲಿ ಮೂಲ ಸಿನಿಮಾದ ಮೊದಲ ಆಟ ಭಾನುವಾರವಂತೆ, ಅಮ್ಮನನ್ನು ಕರೆದುಕೊಂಡು ಬಾ. ‘ನೀನೂ ಬಾ’ ಎಂದಿರಲಿಲ್ಲ. ‘ಕರೆದುಕೊಂಡು’ ಎಂಬುದರಲ್ಲಿ ತಾನೂ ಸೇರಿದ್ದೇನೋ ಇಲ್ಲವೋ ಎಂದು ಚಿನ್ನಿ ಭಾನುವಾರದವರೆಗೂ ತಲೆ ಕೆಡಿಸಿಕೊಂಡಳು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅಮ್ಮನ ಕೈ ಹಿಡಿದುಕೊಂಡಳು, ಚಿನ್ನಿಗೆ ತಲೆಯಾಡಿಸಿದಳು, ಅಷ್ಟೇ. ಅಮ್ಮನನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಆಚೀಚೆ ಕೂತರು. ಅರ್ಧ ತುಂಬಿದ ಚಿತ್ರಮಂದಿರ. ದೀಪ ಆರಿತು.

ಮೊದಲ ಮಾತಿಗೇ ಅಮ್ಮ, “ಏನಂತೆ?” ಎಂದಳು.

ಚಿನ್ನಿ ಕೆಳಗಿನ ಅಕ್ಷರ ನೋಡಿಕೊಂಡು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಲು ಶುರುಮಾಡಿದಳು. ಧ್ವನಿ ಬದಲಿಸಲಿಲ್ಲ, ಅಭಿನಯಿಸಲಿಲ್ಲ, ಬರೀ ಹೇಳಿದಳು. ಅಮ್ಮ ತೆರೆಯ ಅಂಚಿನ ಕಡೆ ಮುಖ ಓರೆ ಮಾಡಿಕೊಂಡು ಕೇಳಿದಳು. ಹಿಂದಿನ ಸಾಲಿನವರು ಒಂದೆರಡು ಸಲ ‘ಶ್’ ಎಂದರು. ಅಕ್ಕ ಈ ಕಡೆ ತಿರುಗಲಿಲ್ಲ.

ಸಾಕ್ಷಿಯ ದೃಶ್ಯ ಬಂತು. ರಾಜಸಭೆಗೆ ತಾಯಿಯನ್ನು ಕರೆತರುತ್ತಿದ್ದರು. ಹೇಳಲೋ ಬೇಡವೋ ಎಂದು ಚಿನ್ನಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅಮ್ಮನ ಆಚೆ ಪಕ್ಕದಿಂದ ಅಕ್ಕ ಬಾಗಿದಳು.

“ಬಿಡು. ಇದನ್ನ ನಾನು ಹೇಳ್ತೀನಿ.”

ತೆರೆಯ ಮೇಲೆ ಅಕ್ಕ ಆ ಹಳೆಯ ಮಾತಿನಲ್ಲಿ ಶುರುಮಾಡಿದಳು. ಪಕ್ಕದಲ್ಲಿ ಅಕ್ಕ ಅಮ್ಮನ ಕಿವಿಯಲ್ಲಿ ಶುರುಮಾಡಿದಳು. ಅವಳ ಧ್ವನಿಗೆ ಪಿಸುಮಾತು ಒಗ್ಗುವುದಿಲ್ಲ. ಎಷ್ಟು ತಗ್ಗಿಸಿದರೂ ತಳದ ಗರಗರ ಎರಡು ಸಾಲಿನಾಚೆಗೆ ಕೇಳುತ್ತದೆ. ಅವಳು ಕೆಳಗಿನ ಅಕ್ಷರವನ್ನು ನೋಡುತ್ತಿರಲಿಲ್ಲ. “ನಾನು ಮುದುಕಿ, ನನಗೆ ಹೊಗೆಗೂ ಮಂಜಿಗೂ ವ್ಯತ್ಯಾಸ ತಿಳಿಯಲ್ಲ ದೊರೆ. ಜನ ಅಂದ್ರು. ಉಗ್ರಾಣಕ್ಕೆ ನನ್ನ ಮಗ ಬೆಂಕಿ ಹಚ್ಚಿದನಂತೆ.”

ರಾಜ ಕಾದ. ಹಿಂದಿನ ಸಾಲಿನಿಂದ ‘ಶ್’ ಬರಲಿಲ್ಲ. ಅಲ್ಲಿ ಯಾರೋ ಮುಂದಕ್ಕೆ ಬಾಗಿ ಕೂತದ್ದರಿಂದ ಕುರ್ಚಿ ಕಿರುಗುಟ್ಟಿತು.

“ಹಚ್ಚಿದ” ಎಂದಳು ಅಕ್ಕ. “ನನ್ನ ಮಗ ಹಚ್ಚಿದ.”

ಅಮ್ಮ ಕೈ ಚಾಚಿ ಕತ್ತಲಲ್ಲಿ ಅಕ್ಕನ ಮುಖ ಹುಡುಕಿದಳು. ಮೊದಲು ಕಿವಿ ಸಿಕ್ಕಿತು, ಆಮೇಲೆ ಕೆನ್ನೆ. ಕೆನ್ನೆ ಒದ್ದೆಯಾಗಿತ್ತು. ಸಿನಿಮಾ ಮುಗಿಯುವವರೆಗೆ ಅಲ್ಲಿಂದ ಕೈ ತೆಗೆಯಲಿಲ್ಲ. ಉಳಿದ ಮಾತುಗಳನ್ನು ಯಾರೂ ಹೇಳಲಿಲ್ಲ, ಅಮ್ಮನೂ ಕೇಳಲಿಲ್ಲ.

ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಮ್ಮ ಇಬ್ಬರ ತೋಳನ್ನೂ ಹಿಡಿದುಕೊಂಡು ರಸ್ತೆಯಂಚಿಗೆ ನಿಂತಳು. “ಕಂಡವಳು ಕೇಳಿದೆ ಅಂದ್ಲಲ್ಲ” ಎಂದಳು. “ನಾನಾಗಿದ್ರೆ ಎರಡನೇ ಸಲ ಬಾಯೇ ಬಿಡ್ತಿರಲಿಲ್ಲ. ಊರು ಸುಟ್ಟುಹೋಗ್ಲಿ ಅಂತ ಸುಮ್ನಿರ್ತಿದ್ದೆ.”

“ಹಾಗಾದ್ರೆ ನಿನ್ನನ್ನ ಯಾರೂ ಸಿನಿಮಾ ಮಾಡ್ತಿರಲಿಲ್ಲ” ಎಂದಳು ಅಕ್ಕ. ಅಮ್ಮ ನಕ್ಕಳು. ಚಿನ್ನಿಗೂ ನಗಬೇಕೆನ್ನಿಸಿತು, ಧೈರ್ಯ ಬರಲಿಲ್ಲ.

ಆಟೋ ಸಿಕ್ಕ ಮೇಲೆ ಅಕ್ಕ ತನ್ನ ದಾರಿ ಹಿಡಿಯುತ್ತಾಳೆಂದು ಚಿನ್ನಿ ಅಂದುಕೊಂಡಿದ್ದಳು. ಅಕ್ಕ ಅಮ್ಮನನ್ನು ಹತ್ತಿಸಿ ಒಂದು ಕ್ಷಣ ಹೊರಗೇ ನಿಂತಳು. ಆಮೇಲೆ ಚಿನ್ನಿಯ ಕಡೆ ನೋಡದೆ ಹೇಳಿದಳು.

“ನಾನಿನ್ನೂ ಮರೆತಿಲ್ಲ. ತಿಳೀತಾ? ಅದು ಅಷ್ಟು ಬೇಗ ಹೋಗಲ್ಲ.”

“ತಿಳೀತು ಅಕ್ಕ.”

“ಮತ್ತೆ ಆ ಹಾಳು ಕೆಲಸ ಬಿಟ್ಟೆಯಂತೆ. ಹೊಟ್ಟೆಗೇನು ಮಾಡ್ತೀಯ?”

“ಗೊತ್ತಿಲ್ಲ. ನೋಡ್ಬೇಕು.”

“ನೋಡ್ಬೇಕಂತೆ!” ಅಕ್ಕ ಗೊಣಗುತ್ತ ಆಟೋದೊಳಗೆ ನುಗ್ಗಿ ಕೂತಳು. “ಸರಿ ಸರಿ, ಸರ್ಕೋ. ನನಗೆ ಹಸಿವಾಗಿದೆ. ಮನೇಲಿ ಏನಾದ್ರೂ ಇದೆಯಾ, ಇಲ್ಲ ನಾನೇ ಮಾಡ್ಬೇಕಾ?”

ಮನೆಗೆ ಬಂದವಳೇ ಅಕ್ಕ ಅಡುಗೆಮನೆ ಹೊಕ್ಕು, ಡಬ್ಬಿಗಳನ್ನೆಲ್ಲ ತಡಕಿ, ಉಪ್ಪು ಇಟ್ಟ ಜಾಗ ಬದಲಾಗಿದೆಯೆಂದು ರೇಗಿದಳು. ಅಮ್ಮ ಹೊಸ್ತಿಲಲ್ಲಿ ಕೂತು, ಶೂಟಿಂಗಿನಲ್ಲಿ ಬೆಂಕಿ ನಿಜವಾಗಿಯೂ ಹಚ್ಚಿದರಾ, ರಾಜನ ವೇಷದವನು ಒಳ್ಳೆಯವನಾ, ಬೂದಿ ಮೆತ್ತಿಕೊಂಡರೆ ಮೈ ಕಡಿಯಲಿಲ್ಲವಾ ಎಂದು ಒಂದಾದ ಮೇಲೊಂದು ಕೇಳಿದಳು. ಅಕ್ಕ ಒಗ್ಗರಣೆಯ ಚಟಪಟದ ಮೇಲೆ ಧ್ವನಿ ಏರಿಸಿ, ಕೈ ಆಡಿಸಿ, ಎಲ್ಲದಕ್ಕೂ ಕಥೆ ಹೇಳಿದಳು. ಚಿನ್ನಿ ಈರುಳ್ಳಿ ಹೆಚ್ಚುತ್ತ ಗೋಡೆಗೊರಗಿ ಕೂತು ಕೇಳಿದಳು. ಎದ್ದು ಓಡಾಡಬೇಕೆಂದು ಕಾಲು ತುಡಿಯುತ್ತಿತ್ತು. ಎದ್ದರೆ ಅಕ್ಕ ಎಲ್ಲಿ ಮಾತು ನಿಲ್ಲಿಸಿಬಿಡುತ್ತಾಳೋ ಎಂದು ಕಾಲು ಮಡಚಿಕೊಂಡೇ ಕೂತಿದ್ದಳು.